ಗಣಕವಿಜ್ಞಾನಿ ಅಲನ್ ಟ್ಯೂರಿಂಗ್

ವಿಜಯಪುರದ ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಆ ಸದ್ದು ಒಂದೇ ಸಲಕ್ಕೆ ಅಡಗಿಹೋಗುವುದಿಲ್ಲ. ಗುಮ್ಮಟದ ಗೋಡೆ ಅದನ್ನು ಹಿಡಿದು ಮತ್ತೆ ಮತ್ತೆ ಕೇಳುಗರ ಕಿವಿಗೆ ಮರಳಿಸುತ್ತದೆ. ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರಗಳ ಕಡೆಯ ಮಕ್ಕಳಿಗೆ ಈ ಅನುಭವ ಹೊಸದಲ್ಲ. ಒಬ್ಬರು ತಮ್ಮ ಹೆಸರನ್ನು ಕೂಗುವುದು, ಅದು ಹಲವು ಬಾರಿ ಮರುದನಿಗೊಡುವುದನ್ನು ಎಣಿಸುವುದು, ಕೊನೆಯ ದನಿ ಕ್ಷೀಣವಾಗಿ ಇಲ್ಲವಾದಾಗ ಮತ್ತೊಬ್ಬರು ಕೂಗುವುದು: ಇದು ಅಲ್ಲಿಗೆ ಹೋದವರೆಲ್ಲರೂ ಆಡುವ ಆಟ. ಆದರೆ ಈ ಆಟದೊಳಗೆ ಒಂದು ಗಹನವಾದ ತತ್ತ್ವ ಅಡಗಿದೆ. ಸದ್ದು ಗೋಡೆಯಿಂದ ಗೋಡೆಗೆ ಸಾಗುತ್ತಿರುವಷ್ಟು ಹೊತ್ತು ಆ ಕಟ್ಟಡವು ಕೂಗಿದವರ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡಂತೆಯೇ ಸರಿ. ಮರುದನಿ ಕ್ಷೀಣಿಸುವ ಮೊದಲೇ ಯಾರಾದರೂ ಅದನ್ನು ಕೇಳಿ ಮತ್ತೆ ಗಟ್ಟಿಯಾಗಿ ಕೂಗುತ್ತಿದ್ದರೆ ಆ ಒಂದು ಮಾತು ಬೆಳಗಿನಿಂದ ಸಂಜೆಯವರೆಗೂ ಗುಮ್ಮಟದೊಳಗೆ ಉಳಿದೀತು.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ, ಎಣಿಸುವ ಯಂತ್ರಕ್ಕೆ ನೆನಪಿನ ಶಕ್ತಿಯನ್ನು ಕೊಡಬೇಕೆಂದು ಹೊರಟ ವಿಜ್ಞಾನಿಗಳು ಇದೇ ತತ್ತ್ವವನ್ನು ಆಶ್ರಯಿಸಿದರು. ನೆನಪಿಲ್ಲದ ಯಂತ್ರವು ಎಷ್ಟೇ ವೇಗವಾಗಿ ಕೂಡಿದರೂ ಕಳೆದರೂ ಗಣಕಯಂತ್ರವೆನಿಸದು ಎಂಬುದನ್ನು ಸ್ಪಷ್ಟವಾಗಿ ಕಂಡವರಲ್ಲಿ ಅಗ್ರಗಣ್ಯನಾದವನು ಇಂಗ್ಲೆಂಡಿನ ಅಲನ್ ಟ್ಯೂರಿಂಗ್.

ಅಲನ್ ಮ್ಯಾಥಿಸನ್ ಟ್ಯೂರಿಂಗನು 1912ನೆಯ ಇಸವಿ ಜೂನ್ 23ರಂದು ಲಂಡನ್ ನಗರದಲ್ಲಿ ಜನಿಸಿದನು. ಆತನ ಮನೆತನಕ್ಕೂ ನಮ್ಮ ನಾಡಿಗೂ ಇದ್ದ ಸಂಬಂಧವನ್ನು ಕನ್ನಡಿಗರು ತಿಳಿದಿರುವುದು ಉಚಿತ. ತಂದೆ ಜೂಲಿಯಸ್ ಟ್ಯೂರಿಂಗ್ ಭಾರತದ ಸಿವಿಲ್ ಸರ್ವೀಸಿಗೆ ಸೇರಿ ಮದರಾಸು ಪ್ರಾಂತದಲ್ಲಿ ಅಧಿಕಾರಿಯಾಗಿದ್ದವನು. ಅಂದು ಆ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೂ ಕರ್ನೂಲು ಮುಂತಾದ ಜಿಲ್ಲೆಗಳಲ್ಲಿಯೂ ಆತನು ಸೇವೆ ಸಲ್ಲಿಸಿದನು. ತಾಯಿ ಈಥೆಲ್ ಸಾರಾ ಹುಟ್ಟಿದುದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದರಾಸು ರೈಲ್ವೆಯ ಮುಖ್ಯ ಎಂಜಿನಿಯರನಾಗಿದ್ದು, ತುಂಗಭದ್ರಾ ನದಿಗೆ ರೈಲು ಸೇತುವೆಯನ್ನು ಕಟ್ಟಿಸಿದವರಲ್ಲಿ ಒಬ್ಬನು.

ಆದರೆ ಅಲನ್ ಭಾರತದಲ್ಲಿ ಬೆಳೆಯಲಿಲ್ಲ. ಇಲ್ಲಿನ ಬಿಸಿಲು ಮತ್ತು ರೋಗರುಜಿನಗಳಿಗೆ ಅಂಜಿದ ತಂದೆತಾಯಿಗಳು ಮಕ್ಕಳಿಬ್ಬರನ್ನೂ ಇಂಗ್ಲೆಂಡಿನ ಕಡಲತೀರದ ಊರೊಂದರಲ್ಲಿ ನಿವೃತ್ತ ಸೇನಾಧಿಕಾರಿಯ ಕುಟುಂಬದಲ್ಲಿ ಬಿಟ್ಟರು. ತಾಯಿ ಅವನನ್ನು ಬಿಟ್ಟು ಹಡಗು ಹತ್ತಿದಾಗ ಆ ಮಗುವಿಗೆ ಒಂದೂಕಾಲು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ತಾಯಿಯ ಮಡಿಲಿನ ಬದಲು ಪರರ ಆಶ್ರಯದಲ್ಲಿ ಬೆಳೆದ ಹುಡುಗನು ತನ್ನಷ್ಟಕ್ಕೆ ತಾನಿರುವ, ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುವ ಸ್ವಭಾವದವನಾದನು. ಮೂರು ವಾರಗಳಲ್ಲಿ ಓದುವುದನ್ನು ತಾನಾಗಿಯೇ ಕಲಿತನು. ಅಂಕೆಗಳೆಂದರೆ ಅವನಿಗೆ ಇನ್ನೂ ಹೆಚ್ಚಿನ ಪ್ರೀತಿ. ಬೀದಿಯಲ್ಲಿ ನಡೆದುಹೋಗುವಾಗ ಪ್ರತಿಯೊಂದು ದೀಪದ ಕಂಬದ ಬಳಿಯೂ ನಿಂತು ಅದರ ಮೇಲಿನ ಸಂಖ್ಯೆಯನ್ನು ಓದಿಯೇ ಮುಂದೆ ಹೆಜ್ಜೆಯಿಡುತ್ತಿದ್ದನಂತೆ.

1926ರಲ್ಲಿ ಹದಿಮೂರು ವರ್ಷದ ಅಲನ್ ಷೆರ್ಬೋರ್ನ್ ಎಂಬ ಊರಿನ ವಸತಿಶಾಲೆಗೆ ಸೇರಬೇಕಾಯಿತು. ಹಡಗಿನಿಂದ ಇಳಿದು ನೋಡಿದರೆ ದೇಶದಲ್ಲೆಲ್ಲ ಸಾರ್ವತ್ರಿಕ ಮುಷ್ಕರ, ರೈಲುಗಳಿಲ್ಲ. ಹುಡುಗನು ಧೃತಿಗೆಡದೆ ತನ್ನ ಸೈಕಲ್ಲನ್ನೇರಿ, ನಡುವೆ ಒಂದು ರಾತ್ರಿ ತಂಗಿ, ಸುಮಾರು ತೊಂಬತ್ತೈದು ಕಿಲೋಮೀಟರ್ ದೂರದ ಶಾಲೆಯನ್ನು ತಲುಪಿದನು. ಅಲ್ಲಿ ಭಾಷೆ ಮತ್ತು ಸಾಹಿತ್ಯಗಳಿಗೆ ಇದ್ದ ಮನ್ನಣೆ ವಿಜ್ಞಾನಕ್ಕೆ ಇರಲಿಲ್ಲ. ಅಕ್ಷರ ಅಂದವಾಗಿಲ್ಲ, ಬರವಣಿಗೆ ಒಪ್ಪವಾಗಿಲ್ಲ ಎಂದು ಉಪಾಧ್ಯಾಯರು ಆಕ್ಷೇಪಿಸುತ್ತಿದ್ದರು. ಗಣಿತದಲ್ಲಿ ಮಾತ್ರ ಆತನು ಪುಸ್ತಕದ ಕ್ರಮವನ್ನು ಬಿಟ್ಟು ತನ್ನದೇ ರೀತಿಯಲ್ಲಿ ಉತ್ತರವನ್ನು ಕಂಡುಕೊಳ್ಳುತ್ತಿದ್ದನು.

ಆ ಶಾಲೆಯಲ್ಲಿ ಅಲನ್‌ಗೆ ಕ್ರಿಸ್ಟೋಫರ್ ಮಾರ್ಕಂ ಎಂಬ ಸಹಪಾಠಿಯ ಸ್ನೇಹ ದೊರೆಯಿತು. ನಕ್ಷತ್ರಗಳು, ರಸಾಯನ ಪ್ರಯೋಗಗಳು, ಗಣಿತದ ಸಮಸ್ಯೆಗಳು ಇವೇ ಆ ಇಬ್ಬರ ಮಾತುಕತೆಯ ವಿಷಯಗಳು. ಆದರೆ 1930ರ ಫೆಬ್ರವರಿಯಲ್ಲಿ ಮಾರ್ಕಂ ಕ್ಷಯರೋಗದ ಪರಿಣಾಮವಾಗಿ ಅಕಾಲ ಮರಣಕ್ಕೆ ತುತ್ತಾದನು. ಅಲನ್‌ಗೆ ಈ ಅಗಲಿಕೆ ಸಹಿಸಲಸಾಧ್ಯವಾಯಿತು. ಗೆಳೆಯನು ಮಾಡಬೇಕಾಗಿದ್ದ ಕೆಲಸವನ್ನು ತಾನು ಮಾಡಬೇಕೆಂಬ ಸಂಕಲ್ಪ ಅವನಲ್ಲಿ ಮೂಡಿತು. ದೇಹವು ಅಳಿದ ಮೇಲೆ ಮನಸ್ಸು ಏನಾಗುತ್ತದೆ, ನೆನಪು ಎಂಬುದು ಯಾವ ವಸ್ತುವಿನಲ್ಲಿ ನೆಲೆಸಿದೆ ಎಂಬ ಪ್ರಶ್ನೆಗಳು ಅಂದಿನಿಂದ ಅವನನ್ನು ಕಾಡತೊಡಗಿದವು.

1931ರಲ್ಲಿ ಟ್ಯೂರಿಂಗನು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಿಂಗ್ಸ್ ಕಾಲೇಜನ್ನು ಸೇರಿದನು. 1935ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೇ, ಆ ಕಾಲೇಜಿನ ಫೆಲೋ ಆಗಿ ಆಯ್ಕೆಯಾದನು. ಗಣಿತದ ಯಾವುದೇ ಹೇಳಿಕೆ ಸಿದ್ಧಗೊಳಿಸಲು ಬರುವಂಥದೇ ಅಲ್ಲವೇ ಎಂಬುದನ್ನು ನಿರ್ಧರಿಸುವ ಒಂದು ನಿಶ್ಚಿತ ವಿಧಾನ ಉಂಟೇ ಎಂಬುದು ಆ ಕಾಲದ ಗಣಿತಜ್ಞರ ಮುಂದಿದ್ದ ದೊಡ್ಡ ಸಮಸ್ಯೆಯಾಗಿತ್ತು. ಇದಕ್ಕೆ ಉತ್ತರ ಹುಡುಕಲು ಟ್ಯೂರಿಂಗನು ಒಂದು ಕಾಲ್ಪನಿಕ ಯಂತ್ರವನ್ನು ಮನಸ್ಸಿನಲ್ಲಿಯೇ ನಿರ್ಮಿಸಿದನು. ಚೌಕಚೌಕವಾಗಿ ಗೆರೆಯೆಳೆದ, ಕೊನೆಯೇ ಇಲ್ಲದ ಒಂದು ಉದ್ದನೆಯ ಕಾಗದದ ಪಟ್ಟಿ. ಯಂತ್ರವು ಒಂದು ಸಲಕ್ಕೆ ಒಂದೇ ಚೌಕವನ್ನು ನೋಡುತ್ತದೆ. ಅಲ್ಲಿರುವ ಗುರುತನ್ನು ಓದುತ್ತದೆ. ಬೇಕಾದರೆ ಅಳಿಸಿ ಬೇರೆ ಗುರುತು ಬರೆಯುತ್ತದೆ. ಬಳಿಕ ಎಡಕ್ಕೋ ಬಲಕ್ಕೋ ಒಂದು ಚೌಕ ಸರಿಯುತ್ತದೆ. ಇಷ್ಟು ಸರಳವಾದ ಯಂತ್ರವು ನಿಯಮಬದ್ಧವಾದ ಯಾವ ಲೆಕ್ಕವನ್ನಾದರೂ ಮಾಡಬಲ್ಲದು ಎಂದು ಆತನು ಪ್ರತಿಪಾದಿಸಿದನು. ಮಾತ್ರವಲ್ಲ, ಅಂತಹ ಯಂತ್ರವೂ ಉತ್ತರಿಸಲಾರದ ಪ್ರಶ್ನೆಗಳಿವೆಯೆಂದು ಸಾಧಿಸಿ, ಆ ನಿಶ್ಚಿತ ವಿಧಾನ ಸಾಧ್ಯವಿಲ್ಲವೆಂದು ತೋರಿಸಿದನು.

1936ರಲ್ಲಿ ಆತನು ಲಂಡನ್ನಿನ ಗಣಿತ ಸಂಘಕ್ಕೆ ಒಪ್ಪಿಸಿದ ಈ ಪ್ರಬಂಧದಲ್ಲಿ ಇನ್ನೊಂದು ಮಹತ್ತ್ವದ ವಿಚಾರವಿತ್ತು. ಯಂತ್ರವು ಮಾಡಬೇಕಾದ ಕೆಲಸದ ಸೂಚನೆಗಳನ್ನು ಕೂಡ ಅಂಕೆಗಳಂತೆಯೇ ಪಟ್ಟಿಯ ಮೇಲೆ ಬರೆದಿಡಬಹುದು. ಹಾಗೆ ಮಾಡಿದರೆ ಕೂಡುವುದಕ್ಕೊಂದು, ಗುಣಿಸುವುದಕ್ಕೊಂದು ಯಂತ್ರ ಬೇಕಿಲ್ಲ. ಒಂದೇ ಯಂತ್ರವು ಸೂಚನೆಗಳನ್ನು ಬದಲಾಯಿಸಿದಂತೆಲ್ಲ ಹೊಸ ಹೊಸ ಕೆಲಸಗಳನ್ನು ಮಾಡಬಲ್ಲದು. ಇಂದು ನಮ್ಮ ಕೈಯಲ್ಲಿರುವ ದೂರವಾಣಿಯು ಪತ್ರ ಬರೆಯುವುದಕ್ಕೂ ಚಿತ್ರ ತೆಗೆಯುವುದಕ್ಕೂ ಲೆಕ್ಕ ಮಾಡುವುದಕ್ಕೂ ಒದಗುವುದು ಈ ತತ್ತ್ವದ ಬಲದಿಂದ. ಟ್ಯೂರಿಂಗನ ಕಾಗದದ ಪಟ್ಟಿಯೇ ಆ ಯಂತ್ರದ ನೆನಪು. ಕಾಗದದ ಮೇಲಿನ ಕಲ್ಪನೆಯಾಗಿದ್ದ ಅದು ಕೈಗೆ ಎಟಕುವ ವಸ್ತುವಾಗಲು ಇನ್ನೂ ಹನ್ನೆರಡು ವರ್ಷಗಳು ಬೇಕಾದವು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದೊದಗಿತು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು 1938ರಲ್ಲಿ ಸ್ವದೇಶಕ್ಕೆ ಮರಳಿದ್ದ ಟ್ಯೂರಿಂಗನು, ಯುದ್ಧ ಘೋಷಣೆಯಾದ ಮರುದಿನವೇ, ಅಂದರೆ 1939ರ ಸೆಪ್ಟೆಂಬರ್ 4ರಂದು, ಬ್ಲೆಚ್ಲಿ ಪಾರ್ಕ್ ಎಂಬ ಗುಪ್ತ ಕೇಂದ್ರದಲ್ಲಿ ಕೆಲಸಕ್ಕೆ ಹಾಜರಾದನು. ಜರ್ಮನರು ಎನಿಗ್ಮಾ ಎಂಬ ಯಂತ್ರದಿಂದ ತಮ್ಮ ಸಂದೇಶಗಳನ್ನು ಗೂಢಲಿಪಿಗೆ ಪರಿವರ್ತಿಸಿ ಕಳುಹಿಸುತ್ತಿದ್ದರು. ಆ ಲಿಪಿಯನ್ನು ಒಡೆಯುವ ದಾರಿಯನ್ನು ಮೊದಲು ತೆರೆದವರು ಪೋಲೆಂಡಿನ ಗಣಿತಜ್ಞರು. ಟ್ಯೂರಿಂಗನು ಅವರ ಕೆಲಸವನ್ನು ಮುಂದುವರಿಸಿ, ಗಾರ್ಡನ್ ವೆಲ್ಚ್‌ಮನ್ ಎಂಬ ಸಹೋದ್ಯೋಗಿಯ ನೆರವಿನೊಂದಿಗೆ, ಬಾಂಬ್ ಎಂಬ ಹೆಸರಿನ ಯಂತ್ರವನ್ನು ರೂಪಿಸಿದನು. ಅದರ ಮೊದಲ ಮಾದರಿ 1940ರ ಮಾರ್ಚ್ ತಿಂಗಳಿನಲ್ಲಿ ಕೆಲಸ ಆರಂಭಿಸಿತು. ಅಟ್ಲಾಂಟಿಕ್ ಸಾಗರದಲ್ಲಿ ಧಾನ್ಯದ ಹಡಗುಗಳನ್ನು ಮುಳುಗಿಸುತ್ತಿದ್ದ ಜರ್ಮನ್ ಜಲಾಂತರ್ಗಾಮಿಗಳ ಸಂದೇಶಗಳನ್ನು ಓದುವ ವಿಭಾಗಕ್ಕೆ ಟ್ಯೂರಿಂಗನೇ ಮುಖ್ಯಸ್ಥನಾಗಿದ್ದನು. ಆ ಸಂದೇಶಗಳು ತಿಳಿದಂತೆಲ್ಲ ಹಡಗುಗಳನ್ನು ಅಪಾಯದ ದಾರಿಯಿಂದ ತಪ್ಪಿಸಲು ಸಾಧ್ಯವಾಯಿತು. ಇದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ.

ಆದರೆ ಇವೆಲ್ಲವೂ ಅತಿ ಗುಪ್ತವಾಗಿ ನಡೆದ ಕಾರ್ಯಗಳು. ಟ್ಯೂರಿಂಗನು ತನ್ನ ತಾಯಿಗೂ ಅದನ್ನು ಹೇಳುವಂತಿರಲಿಲ್ಲ. 1946ರಲ್ಲಿ ಸರ್ಕಾರವು ಒಂದು ಪದಕವನ್ನಿತ್ತು ಸುಮ್ಮನಾಯಿತು. ಬ್ಲೆಚ್ಲಿ ಪಾರ್ಕಿನ ಸಂಗತಿ ಲೋಕಕ್ಕೆ ತಿಳಿದುದು 1970ರ ದಶಕದಲ್ಲಿ, ಆತನು ತೀರಿಕೊಂಡು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ.

ಯುದ್ಧವು ಮುಗಿದ ಮೇಲೆ, 1945ರ ಅಕ್ಟೋಬರಿನಲ್ಲಿ, ಟ್ಯೂರಿಂಗನು ಲಂಡನ್ನಿನ ಸಮೀಪದ ಟೆಡಿಂಗ್ಟನ್ನಿನಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ಸೇರಿದನು. ತಾನು ಹತ್ತು ವರ್ಷಗಳಿಂದ ಮನಸ್ಸಿನಲ್ಲಿ ಹೊತ್ತಿದ್ದ ಯಂತ್ರವನ್ನು ನಿಜವಾಗಿ ಕಟ್ಟುವ ಅವಕಾಶ ಈಗ ಆತನಿಗೆ ಒದಗಿತು. ಕೆಲವೇ ತಿಂಗಳುಗಳಲ್ಲಿ ಏಸ್ ಎಂಬ ಗಣಕಯಂತ್ರದ ವಿವರವಾದ ಯೋಜನೆಯನ್ನು ಸಿದ್ಧಪಡಿಸಿದನು. ವಿದ್ಯುತ್ ಕವಾಟಗಳು ಸೆಕೆಂಡಿಗೆ ಹತ್ತು ಲಕ್ಷ ಮಿಡಿತಗಳ ವೇಗದಲ್ಲಿ ಕೆಲಸ ಮಾಡಬಲ್ಲವು ಎಂಬುದು ಆತನ ನಂಬಿಕೆ. ಅಷ್ಟು ವೇಗವಾಗಿ ಲೆಕ್ಕ ಮಾಡುವ ಯಂತ್ರಕ್ಕೆ ಅಷ್ಟೇ ವೇಗವಾಗಿ ಅಂಕೆಗಳನ್ನೂ ಸೂಚನೆಗಳನ್ನೂ ಒದಗಿಸುವ ನೆನಪು ಯಾವುದು? ಇಡೀ ಯೋಜನೆಯ ತೊಡಕು ಇಲ್ಲಿಯೇ ಇತ್ತು.

1947ರ ಫೆಬ್ರವರಿ 20ರಂದು ಲಂಡನ್ನಿನ ಗಣಿತ ಸಂಘದಲ್ಲಿ ಮಾಡಿದ ಉಪನ್ಯಾಸದಲ್ಲಿ ಟ್ಯೂರಿಂಗನು ಈ ವಿಷಯವನ್ನು ಸುಂದರವಾಗಿ ವಿವರಿಸಿದನು. ಕೊನೆಯಿಲ್ಲದ ಕಾಗದದ ಪಟ್ಟಿ ಗಣಿತಕ್ಕೆ ಸರಿ. ಯಂತ್ರಕ್ಕೆ ಅದು ಒದಗದು. ಬೇಕಾದ ಚೌಕವು ದೂರದಲ್ಲಿದ್ದರೆ ಅದನ್ನು ತಲುಪಲು ಪಟ್ಟಿಯನ್ನೆಲ್ಲ ಸುತ್ತಬೇಕಾಗುತ್ತದೆ. ಪ್ರಾಚೀನ ಈಜಿಪ್ಟಿನವರು ಸುರುಳಿಗಳಲ್ಲಿ ಗ್ರಂಥಗಳನ್ನು ಬರೆದಿಟ್ಟಾಗ ಅವರಿಗೂ ಇದೇ ತೊಂದರೆ ಆಗಿರಬೇಕೆಂದೂ, ಯಾವ ಪುಟವನ್ನಾದರೂ ಥಟ್ಟನೆ ತೆರೆಯಬಹುದಾದ ಪುಸ್ತಕವು ಅದಕ್ಕಿಂತ ಮೇಲೆಂದೂ ಆತನು ಹೋಲಿಸಿದನು. ಹೀಗೆ ನೆನಪಿಗೆ ಎಷ್ಟು ಹಿಡಿಸುತ್ತದೆ ಎಂಬುದೊಂದೇ ಮುಖ್ಯವಲ್ಲ, ಹಿಡಿದಿಟ್ಟುದು ಎಷ್ಟು ಬೇಗ ಕೈಗೆ ಸಿಗುತ್ತದೆ ಎಂಬುದೂ ಅಷ್ಟೇ ಮುಖ್ಯ ಎಂಬುದನ್ನು ಆತನು ಮನಗಾಣಿಸಿದನು.

ಏಸ್ ಯಂತ್ರಕ್ಕೆ ಟ್ಯೂರಿಂಗನು ಆರಿಸಿಕೊಂಡುದು ಪಾದರಸದ ಕೊಳವೆಗಳ ನೆನಪು. ಯುದ್ಧಕಾಲದ ರಾಡಾರ್ ಸಂಶೋಧನೆಯಿಂದ ಬಂದ ಈ ಉಪಾಯವನ್ನು ಗಣಕಯಂತ್ರಕ್ಕೆ ಅಳವಡಿಸಬಹುದೆಂದು ಮೊದಲು ಕಂಡುಕೊಂಡವನು ಅಮೆರಿಕದ ಎಂಜಿನಿಯರ್ ಎಕರ್ಟ್. ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆಯಲ್ಲಿ ಪಾದರಸವನ್ನು ತುಂಬಿರುತ್ತಾರೆ. ಅದರ ಒಂದು ತುದಿಯಲ್ಲಿ ವಿದ್ಯುತ್ ಮಿಡಿತಗಳನ್ನು ಶಬ್ದದ ಅಲೆಗಳನ್ನಾಗಿ ಮಾಡುವ ಹರಳು. ಇನ್ನೊಂದು ತುದಿಯಲ್ಲಿ ಆ ಅಲೆಗಳನ್ನು ಮರಳಿ ವಿದ್ಯುತ್ತನ್ನಾಗಿ ಮಾಡುವ ಹರಳು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ಪಾದರಸದಲ್ಲಿ ಸುಮಾರು 1450 ಮೀಟರ್ ಸಾಗುತ್ತದೆ. ಆದ್ದರಿಂದ ಒಂದು ಅಲೆಯು ಕೊಳವೆಯ ಈ ತುದಿಯಿಂದ ಆ ತುದಿಗೆ ತಲುಪಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಬೇಕು. ಅಷ್ಟರಲ್ಲಿ ಅದರ ಹಿಂದೆ ಸುಮಾರು ಒಂದು ಸಾವಿರ ಮಿಡಿತಗಳು ಇರುವೆಯ ಸಾಲಿನಂತೆ ಕೊಳವೆಯನ್ನು ಹೊಕ್ಕಿರುತ್ತವೆ. ಆ ತುದಿಯನ್ನು ತಲುಪಿದ ಮಿಡಿತವನ್ನು ಬಲಪಡಿಸಿ ಮತ್ತೆ ಈ ತುದಿಗೆ ಕಳುಹಿಸಿದರೆ ಸಾಲು ಎಂದಿಗೂ ಕಡಿಯದು. ಇದೇ ಗೋಲಗುಮ್ಮಟದ ಮರುದನಿಯನ್ನು ಯಾರೋ ಮತ್ತೆ ಮತ್ತೆ ಕೂಗಿ ಉಳಿಸಿದ ರೀತಿ.

ಈ ನೆನಪಿಗೆ ಒಂದು ಕೊರತೆಯಿತ್ತು. ಬೇಕಾದ ಅಂಕೆ ಆಗತಾನೆ ಕೊಳವೆಯನ್ನು ಹೊಕ್ಕಿದ್ದರೆ ಅದು ಆಚೆಯ ತುದಿಗೆ ಬರುವವರೆಗೆ ಯಂತ್ರವು ಕೈಕಟ್ಟಿ ಕಾಯಬೇಕು. ಸೆಕೆಂಡಿನ ಸಾವಿರದಲ್ಲೊಂದು ಭಾಗವು ಮನುಷ್ಯನಿಗೆ ಕಣ್ಣೆವೆಯಿಕ್ಕುವಷ್ಟು ಕಾಲವೂ ಅಲ್ಲ. ಆದರೆ ಸೆಕೆಂಡಿಗೆ ಹತ್ತು ಲಕ್ಷ ಮಿಡಿತಗಳ ಯಂತ್ರಕ್ಕೆ ಅದು ಒಂದು ಸಾವಿರ ಮಿಡಿತಗಳ ಕಾಲಹರಣ. ಟ್ಯೂರಿಂಗನು ಇದಕ್ಕೂ ಪರಿಹಾರ ಹುಡುಕಿದನು. ಒಂದು ಸೂಚನೆಯ ಕೆಲಸ ಮುಗಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಸೂಚನೆ ಕೊಳವೆಯ ತುದಿಗೆ ಬಂದಿರುವಂತೆ ಅವುಗಳನ್ನು ಲೆಕ್ಕಹಾಕಿ ಜೋಡಿಸುವುದೇ ಆ ಪರಿಹಾರ. ಬಸ್ಸಿನ ವೇಳೆಯನ್ನು ತಿಳಿದವನು ಬಸ್ಸು ಬರುವ ಹೊತ್ತಿಗೆ ನಿಲ್ದಾಣದಲ್ಲಿರುತ್ತಾನೆ; ತಿಳಿಯದವನು ಗಂಟೆಗಟ್ಟಲೆ ಕಾಯುತ್ತಾನೆ. ಟ್ಯೂರಿಂಗನು ಯಂತ್ರಕ್ಕೆ ವೇಳಾಪಟ್ಟಿಯನ್ನು ಕಲಿಸಿದನು.

ಇಂತಹ ಇನ್ನೂರು ಕೊಳವೆಗಳನ್ನು ಇರಿಸಿದರೆ ಎರಡು ಲಕ್ಷ ದ್ವಿಮಾನ ಅಂಕೆಗಳು ಹಿಡಿಸುತ್ತವೆಂದು ಆತನು ಲೆಕ್ಕಹಾಕಿದ್ದನು. ಅದು ಒಂದು ಸಣ್ಣ ಮೀನಿನ ನೆನಪಿನಷ್ಟಿದ್ದೀತು ಎಂಬುದು ಆತನೇ ಕೊಟ್ಟ ಹೋಲಿಕೆ. ಇಂದಿನ ಸಾಧಾರಣ ದೂರವಾಣಿಯ ಎಂಟು ಗಿಗಾಬೈಟ್ ನೆನಪು ಅದರ ಮೂರು ಲಕ್ಷ ಪಟ್ಟಿಗೂ ಮಿಗಿಲು.

ಪ್ರಯೋಗಾಲಯದಲ್ಲಿ ಯಂತ್ರದ ನಿರ್ಮಾಣವು ನಿಧಾನವಾಗಿ ಸಾಗಿತು. ವಿದ್ಯುತ್ ಕವಾಟಗಳನ್ನು ಸಾವಿರಗಟ್ಟಲೆ ಜೋಡಿಸಿ ನಂಬಿಕೆಯಿಂದ ನಡೆಸಬಹುದೆಂಬುದನ್ನು ಟ್ಯೂರಿಂಗನು ಯುದ್ಧಕಾಲದಲ್ಲಿ ಕಂಡಿದ್ದರೂ ಗೋಪ್ಯದ ಪ್ರತಿಜ್ಞೆಯಿಂದಾಗಿ ಆ ಮಾತನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಬೇಸತ್ತ ಆತನು 1947ರಲ್ಲಿ ರಜೆಯ ಮೇಲೆ ಕೇಂಬ್ರಿಜ್‌ಗೆ ತೆರಳಿ, 1948ರಲ್ಲಿ ಪ್ರಯೋಗಾಲಯವನ್ನೇ ಬಿಟ್ಟನು. ಆತನ ಯೋಜನೆಯನ್ನು ಸಂಕ್ಷೇಪಿಸಿ ಸಹೋದ್ಯೋಗಿಗಳು ಕಟ್ಟಿದ ಪೈಲಟ್ ಏಸ್ ಯಂತ್ರವು 1950ರ ಮೇ 10ರಂದು ಚಾಲನೆಗೊಂಡಿತು. ಅಂದಿನ ಕಾಲಕ್ಕೆ ಅದು ಅತ್ಯಂತ ವೇಗದ ಗಣಕಯಂತ್ರಗಳಲ್ಲಿ ಒಂದಾಗಿತ್ತು. ಇಂದಿಗೂ ಅದನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಈ ನಡುವೆ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಫ್ರೆಡಿ ವಿಲಿಯಮ್ಸ್ ಮತ್ತು ಟಾಮ್ ಕಿಲ್ಬರ್ನ್ ಎಂಬ ಎಂಜಿನಿಯರರು ಬೇರೊಂದು ಬಗೆಯ ನೆನಪನ್ನು ನಿರ್ಮಿಸಿದ್ದರು. ಹಳೆಯ ದೂರದರ್ಶನ ಪೆಟ್ಟಿಗೆಯ ಪರದೆಯಂತಹ ಗಾಜಿನ ನಳಿಕೆಯ ಮೇಲೆ ವಿದ್ಯುದಂಶದ ಚುಕ್ಕೆಗಳನ್ನು ಇಡುವುದು ಅವರ ಕ್ರಮ. ಪಾದರಸದಂತೆ ಇಲ್ಲಿ ಸರದಿಗಾಗಿ ಕಾಯಬೇಕಿಲ್ಲ. ಬೇಕಾದ ಚುಕ್ಕೆಯನ್ನು ನೇರವಾಗಿ ಓದಬಹುದು. ಆದರೆ ಚುಕ್ಕೆಗಳು ಕ್ಷಣಾರ್ಧದಲ್ಲಿ ಮಾಸಿಹೋಗುವುದರಿಂದ ಅವುಗಳನ್ನು ಓದಿ ಓದಿ ಮತ್ತೆ ಬರೆಯುತ್ತಿರಬೇಕು. 1948ರ ಜೂನ್ 21ರಂದು ಈ ನೆನಪಿನಲ್ಲಿ ಸೂಚನೆಗಳನ್ನಿಟ್ಟುಕೊಂಡು ಮ್ಯಾಂಚೆಸ್ಟರಿನ ಪುಟ್ಟ ಯಂತ್ರವು ಐವತ್ತೆರಡು ನಿಮಿಷಗಳ ಕಾಲ ಒಂದು ಲೆಕ್ಕವನ್ನು ಮಾಡಿ ಸರಿಯಾದ ಉತ್ತರವನ್ನು ಕೊಟ್ಟಿತು. ವಿದ್ಯುನ್ಮಾನ ನೆನಪಿನಲ್ಲಿ ತನ್ನ ಸೂಚನೆಗಳನ್ನು ತಾನೇ ಇರಿಸಿಕೊಂಡು ನಡೆದ ಮೊದಲ ಗಣಕಯಂತ್ರವೆಂಬ ಹಿರಿಮೆ ಅದಕ್ಕೆ ಸಂದಿದೆ. 1936ರಲ್ಲಿ ಟ್ಯೂರಿಂಗನು ಕಂಡಿದ್ದ ಕನಸು ಅಂದು ನನಸಾಯಿತು. ಅದನ್ನು ನನಸಾಗಿಸಿದ ಕೈಗಳು ಮಾತ್ರ ಬೇರೆಯವರವು.

ಅದೇ ವರ್ಷ ಟ್ಯೂರಿಂಗನು ಮ್ಯಾಂಚೆಸ್ಟರಿಗೆ ಬಂದು ಸೇರಿದನು. ಅಲ್ಲಿಯ ಮುಂದಿನ ಯಂತ್ರದಲ್ಲಿ ಎರಡು ಅಂತಸ್ತಿನ ನೆನಪು ಇತ್ತು. ಗಾಜಿನ ನಳಿಕೆಗಳದು ವೇಗದ ನೆನಪು. ಆದರೆ ಅದರ ಅಳವು ಸ್ವಲ್ಪ, ವಿದ್ಯುತ್ತು ನಿಂತರೆ ಎಲ್ಲವೂ ಮರೆಯಾಗುತ್ತದೆ. ತಿರುಗುವ ಕಾಂತೀಯ ಉರುಳೆಯದು ನಿಧಾನದ ನೆನಪು. ಆದರೆ ಅದಕ್ಕೆ ಬಹಳ ಹಿಡಿಸುತ್ತದೆ, ವಿದ್ಯುತ್ತು ನಿಂತರೂ ಬರೆದುದು ಅಳಿಯುವುದಿಲ್ಲ. ಕೆಲಸಕ್ಕೆ ಬೇಕಾದುದನ್ನು ಉರುಳೆಯಿಂದ ನಳಿಕೆಗೆ ತಂದುಕೊಳ್ಳುವುದು, ಮುಗಿದ ಮೇಲೆ ಹಿಂದಕ್ಕೆ ಕಳುಹಿಸುವುದು ಆ ಯಂತ್ರದ ರೀತಿ. ಅದನ್ನು ಬಳಸುವವರಿಗಾಗಿ ಟ್ಯೂರಿಂಗನು ಕೈಪಿಡಿಯೊಂದನ್ನು ಬರೆದನು. ನಮ್ಮ ದೇಶಕ್ಕೆ 1955ರಲ್ಲಿ ಬಂದು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ನೆಲೆಗೊಂಡ ಗಣಕಯಂತ್ರದ ನೆನಪು ಕೂಡ ಇಂತಹ ಉರುಳೆಯೇ ಆಗಿತ್ತು.

ನೆನಪಿನ ಈ ಅಂತಸ್ತುಗಳನ್ನು ವಿಜಯಪುರದ ಕಡೆಯ ಯಾವ ಒಕ್ಕಲುಮನೆಯಲ್ಲಿಯಾದರೂ ಕಾಣಬಹುದು. ರೊಟ್ಟಿ ಬಡಿಯುವ ತಾಯಿಯ ಕೈಯಲ್ಲಿ ಒಂದು ಹಿಡಿ ಹಿಟ್ಟಿರುತ್ತದೆ. ಅದು ಆ ಕ್ಷಣಕ್ಕೆ ಬೇಕಾದುದು. ಪಕ್ಕದ ಬುಟ್ಟಿಯಲ್ಲಿ ಅಂದಿನ ಅಡಿಗೆಗೆ ಸಾಲುವಷ್ಟು ಹಿಟ್ಟು. ಒಳಕೋಣೆಯ ಚೀಲದಲ್ಲಿ ತಿಂಗಳಿಗಾಗುವಷ್ಟು ಜೋಳ. ಹಿಂದಿನ ಕಾಲವಾಗಿದ್ದರೆ ನೆಲದೊಳಗಿನ ಹಗೇವಿನಲ್ಲಿ ವರ್ಷದ ಕಾಳು. ದೂರ ಹೋದಂತೆಲ್ಲ ಸಂಗ್ರಹ ದೊಡ್ಡದು, ತರುವ ಶ್ರಮವೂ ದೊಡ್ಡದು. ಒಂದೊಂದು ಹಿಡಿಗೂ ಹಗೇವನ್ನು ತೆಗೆಯಬೇಕಾಗಿದ್ದರೆ ರೊಟ್ಟಿ ಎಂದಿಗೂ ಬೇಯದು. ವರ್ಷದ ಕಾಳನ್ನೆಲ್ಲ ಒಲೆಯ ಪಕ್ಕದಲ್ಲಿ ರಾಶಿ ಹಾಕಿದರೆ ಕೂರಲು ಜಾಗವಿರದು.

ಇಂದಿನ ಗಣಕಯಂತ್ರದಲ್ಲಿಯೂ ಇದೇ ವ್ಯವಸ್ಥೆ. ಎಣಿಸುವ ಭಾಗದ ಒಳಗೇ ಇರುವ ರಿಜಿಸ್ಟರ್ ಎಂಬ ಪುಟ್ಟ ನೆನಪು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು ಕಾಲದಲ್ಲಿ ಒದಗುತ್ತದೆ. ಅದರ ಬದಿಯ ಕ್ಯಾಷ್ ನೆನಪು ಅದಕ್ಕಿಂತ ತುಸು ನಿಧಾನ. ರ್‍ಯಾಮ್ ಎಂಬ ಮುಖ್ಯ ನೆನಪಿಗೆ ಸುಮಾರು ನೂರು ಪಟ್ಟು ಕಾಲ ಬೇಕು. ಚಿಪ್ಪುಗಳಿಂದಾದ ಘನಸ್ಥಿತಿಯ ಸಂಗ್ರಹಕ್ಕೆ ಸುಮಾರು ಲಕ್ಷ ಪಟ್ಟು, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ಸುಮಾರು ಕೋಟಿ ಪಟ್ಟು. ರಿಜಿಸ್ಟರಿನ ಕಾಲವನ್ನು ಒಂದು ಸೆಕೆಂಡೆಂದು ಹಿಗ್ಗಿಸಿ ಭಾವಿಸಿದರೆ ರ್‍ಯಾಮಿಗೆ ಒಂದೂವರೆ ನಿಮಿಷ, ಘನಸ್ಥಿತಿಯ ಸಂಗ್ರಹಕ್ಕೆ ಒಂದು ಹಗಲು ಒಂದು ರಾತ್ರಿಗಿಂತ ತುಸು ಹೆಚ್ಚು, ತಿರುಗುವ ತಟ್ಟೆಗೆ ಸುಮಾರು ನಾಲ್ಕು ತಿಂಗಳು ಹಿಡಿಯುತ್ತದೆ. ಹಿಂಗಾರಿ ಬಿಳಿಜೋಳವನ್ನು ಬಿತ್ತಿ ಕೊಯ್ಯುವಷ್ಟು ಕಾಲವದು! ರ್‍ಯಾಮಿನೊಳಗಿನ ವಿದ್ಯುದಂಶವು ಇಂದಿಗೂ ಮಾಸುತ್ತಲೇ ಇರುತ್ತದೆ. ಮ್ಯಾಂಚೆಸ್ಟರಿನ ಗಾಜಿನ ನಳಿಕೆಯಲ್ಲಿದ್ದಂತೆಯೇ ಅದನ್ನು ಸೆಕೆಂಡಿಗೆ ಹಲವು ಬಾರಿ ಓದಿ ಮತ್ತೆ ಬರೆಯಲಾಗುತ್ತದೆ. ವಸ್ತುಗಳು ಬದಲಾದರೂ ತತ್ತ್ವಗಳು ಉಳಿದಿವೆ.

1950ರಲ್ಲಿ ಟ್ಯೂರಿಂಗನು ಯಂತ್ರಗಳು ಆಲೋಚಿಸಬಲ್ಲವೇ ಎಂಬ ಪ್ರಶ್ನೆಯನ್ನು ಕುರಿತು ಪ್ರಸಿದ್ಧ ಪ್ರಬಂಧವೊಂದನ್ನು ಪ್ರಕಟಿಸಿದನು. ತೆರೆಯ ಹಿಂದಿರುವವರು ಮನುಷ್ಯರೋ ಯಂತ್ರವೋ ಎಂಬುದನ್ನು ಅವರ ಉತ್ತರಗಳಿಂದ ಕಂಡುಹಿಡಿಯಲಾಗದಿದ್ದರೆ ಆ ಯಂತ್ರಕ್ಕೆ ಬುದ್ಧಿಯಿದೆಯೆಂದು ಒಪ್ಪುವುದೇ ನ್ಯಾಯವೆಂದು ವಾದಿಸಿದನು. 1951ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಆತನಿಗೆ ದೊರೆಯಿತು. 1952ರಲ್ಲಿ ಪ್ರಾಣಿಗಳ ಮೈಮೇಲಿನ ಚುಕ್ಕೆ ಪಟ್ಟೆಗಳು ಹೇಗೆ ಮೂಡುತ್ತವೆ ಎಂಬುದನ್ನು ಗಣಿತದಿಂದ ವಿವರಿಸುವ ಹೊಸ ಮಾರ್ಗವನ್ನು ತೋರಿಸಿದನು. ದೇಹಬಲದಲ್ಲಿಯೂ ಆತನು ಕಡಮೆಯವನಾಗಿರಲಿಲ್ಲ. 1947ರ ಮ್ಯಾರಥಾನ್ ಓಟವೊಂದನ್ನು ಎರಡು ಗಂಟೆ ನಲವತ್ತಾರು ನಿಮಿಷಗಳಲ್ಲಿ ಮುಗಿಸಿ ಐದನೆಯವನಾಗಿದ್ದನು.

ಇಷ್ಟೊಂದು ಸಾಧಿಸಿದವನ ಬಾಳಿನ ಕೊನೆ ದಾರುಣವಾಯಿತು. ಟ್ಯೂರಿಂಗನು ಪುರುಷರಲ್ಲಿಯೇ ಅನುರಾಗವುಳ್ಳ ಸ್ವಭಾವದವನಾಗಿದ್ದನು. ಅಂದಿನ ಇಂಗ್ಲೆಂಡಿನ ಕಾನೂನು ಅದನ್ನು ಅಪರಾಧವೆಂದು ಗಣಿಸಿತ್ತು. 1952ರಲ್ಲಿ ತನ್ನ ಮನೆಯಲ್ಲಿ ನಡೆದ ಕಳ್ಳತನವನ್ನು ಪೊಲೀಸರಿಗೆ ತಿಳಿಸಿದಾಗ, ವಿಚಾರಣೆಯ ನಡುವೆ ಆತನ ಖಾಸಗಿ ಬದುಕು ಹೊರಬಿದ್ದಿತು. ಆತನು ಸುಳ್ಳು ಹೇಳಿ ತಪ್ಪಿಸಿಕೊಳ್ಳಲಿಲ್ಲ. ನ್ಯಾಯಾಲಯವು ಆತನನ್ನು ಅಪರಾಧಿಯೆಂದು ತೀರ್ಮಾನಿಸಿತು. ಸೆರೆಮನೆಗೆ ಬದಲಾಗಿ ಆತನು ಒಂದು ವರ್ಷ ದೇಹವನ್ನು ಹಣ್ಣು ಮಾಡುವ ಔಷಧೋಪಚಾರಕ್ಕೆ ಒಳಗಾಗಬೇಕಾಯಿತು. ದೇಶವನ್ನು ಕಾಪಾಡಿದ ಗುಪ್ತ ಕಾರ್ಯದಲ್ಲಿ ಮುಂದೆ ಪಾಲ್ಗೊಳ್ಳುವ ಅನುಮತಿಯನ್ನೂ ಸರ್ಕಾರವು ಹಿಂತೆಗೆದುಕೊಂಡಿತು. 1954ರ ಜೂನ್ 7ರಂದು, ನಲವತ್ತೆರಡು ವರ್ಷ ತುಂಬುವ ಮೊದಲೇ, ಟ್ಯೂರಿಂಗನು ವಿಷದಿಂದ ಮೃತನಾದನು. ಅಧಿಕೃತ ವಿಚಾರಣೆಯು ಅದನ್ನು ಆತ್ಮಹತ್ಯೆಯೆಂದು ನಿರ್ಣಯಿಸಿತು. ಮನೆಯಲ್ಲಿ ನಡೆಸುತ್ತಿದ್ದ ರಸಾಯನ ಪ್ರಯೋಗದ ಅಚಾತುರ್ಯವೆಂದು ಆತನ ವೃದ್ಧ ತಾಯಿ ಕೊನೆಯವರೆಗೂ ನಂಬಿದ್ದಳು.

ಯಂತ್ರಕ್ಕೆ ನೆನಪನ್ನು ಕೊಡಲು ದುಡಿದವನನ್ನು ಆತನ ನಾಡು ಬಹುಕಾಲ ಮರೆತಿತ್ತು. ಆ ಮರೆವು ನಿಧಾನವಾಗಿ ತಿಳಿಯಾಯಿತು. 1966ರಿಂದ ಗಣಕವಿಜ್ಞಾನದ ಅತ್ಯುಚ್ಚ ಪ್ರಶಸ್ತಿಯನ್ನು ಆತನ ಹೆಸರಿನಲ್ಲಿ ಕೊಡಲಾಗುತ್ತಿದೆ. ಆತನನ್ನು ದಂಡಿಸಿದ ಕಾನೂನನ್ನು ಇಂಗ್ಲೆಂಡು 1967ರಲ್ಲಿ ಸಡಿಲಿಸಿತು. ಬ್ರಿಟಿಷರ ಕಾಲದಿಂದ ನಮ್ಮ ದೇಶದಲ್ಲಿಯೂ ಉಳಿದುಬಂದಿದ್ದ ಅಂತಹ ಕಾನೂನು ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧಕ್ಕೆ ಅನ್ವಯಿಸದೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2009ರಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿ ಟ್ಯೂರಿಂಗನಿಗೆ ಆದ ಅನ್ಯಾಯಕ್ಕಾಗಿ ಸಾರ್ವಜನಿಕವಾಗಿ ಕ್ಷಮೆ ಬೇಡಿದನು. 2013ರಲ್ಲಿ ರಾಣಿಯು ಆತನಿಗೆ ಕ್ಷಮಾದಾನವನ್ನು ಘೋಷಿಸಿದಳು. 2021ರ ಜೂನ್ 23ರಂದು, ಆತನ ಜನ್ಮದಿನದಂದೇ, ಆತನ ಭಾವಚಿತ್ರವುಳ್ಳ ಐವತ್ತು ಪೌಂಡಿನ ನೋಟು ಚಲಾವಣೆಗೆ ಬಂದಿತು. ಇವೆಲ್ಲವೂ ಆತನ ಕಣ್ಣಿಗೆ ಬೀಳಲಿಲ್ಲ.

ಗೋಲಗುಮ್ಮಟದೊಳಗಿನ ಮರುದನಿಯು ತಾನಾಗಿ ಉಳಿಯುವುದಿಲ್ಲ. ಯಾರಾದರೂ ಅದನ್ನು ಕೇಳಿ ಮತ್ತೆ ನುಡಿದರೆ ಮಾತ್ರ ಉಳಿಯುತ್ತದೆ. ಪಾದರಸದ ಕೊಳವೆಯ ಮಿಡಿತಕ್ಕೂ ಅದೇ ನಿಯಮ. ಮಹಾಪುರುಷರ ನೆನಪಿಗೂ ಅದೇ ನಿಯಮ. ಇಂದು ಗಣಕಯಂತ್ರದ ಮುಂದೆ ಕುಳಿತು ಗುಂಡಿಯೊತ್ತುವ ಪ್ರತಿಯೊಬ್ಬರೂ ಅಲನ್ ಟ್ಯೂರಿಂಗನ ಬುದ್ಧಿಯ ಫಲವನ್ನು ಉಣ್ಣುತ್ತಿದ್ದಾರೆ. ಆ ಬುದ್ಧಿಯನ್ನು ನೆನೆಯುವಾಗ ಅದನ್ನು ಹೊತ್ತಿದ್ದ ಮನುಷ್ಯನಿಗೆ ಲೋಕವು ಮಾಡಿದ ಅನ್ಯಾಯವನ್ನೂ ನೆನೆಯುವುದು, ಇನ್ನೊಬ್ಬರಿಗೆ ಅಂತಹ ಅನ್ಯಾಯವಾಗದಂತೆ ನಡೆದುಕೊಳ್ಳುವುದು ನಮ್ಮ ಕರ್ತವ್ಯ.